ಅಪಘಾತದ ಕರೆ ಮತ್ತು ಚಾಲಕನ ಹೊಣೆ

ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ 2018ರ ಮಾರ್ಚ್ 31ರಿಂದ ಹೊಸದಾಗಿ ಅನುಮೋದನೆ ಪಡೆಯುವ ಮಾದರಿಯ ಕಾರುಗಳಿಗೂ ಲಘು ಸರಕು ವಾಹನಗಳಿಗೂ ‘ಇ-ಕಾಲ್’ ಎಂಬ ಸಾಧನ ಕಡ್ಡಾಯವಾಗಿದೆ. ಭಾರಿ ಡಿಕ್ಕಿಯಾಗಿ ಏರ್‌ಬ್ಯಾಗುಗಳು ಬಿಚ್ಚಿಕೊಂಡೊಡನೆ ಅದು ತಾನಾಗಿಯೇ 112 ಎಂಬ ತುರ್ತು ಸಂಖ್ಯೆಗೆ ಕರೆ ಮಾಡುತ್ತದೆ. ಸ್ಥಳ, ಸಮಯ, ವಾಹನ ಸಾಗುತ್ತಿದ್ದ ದಿಕ್ಕು, ಅದರ ಗುರುತಿನ ಸಂಖ್ಯೆ ಮೊದಲಾದ ಕೆಲವು ವಿವರಗಳನ್ನು ತಿಳಿಸಿ, ಒಳಗಿರುವವರೊಡನೆ ಮಾತಿಗೂ ದಾರಿ ಮಾಡಿಕೊಡುತ್ತದೆ. ಪ್ರಜ್ಞೆ ತಪ್ಪಿದವನ ಪರವಾಗಿ ಯಂತ್ರವೇ ನೆರವು ಬೇಡುತ್ತದೆ.

ಇಂತಹ ಉಪಕಾರವನ್ನು ಒಲ್ಲೆನೆನ್ನುವವರೂ ಉಂಟೇ? ಉಂಟು, ಅವರ ಶಂಕೆ ಹುರುಳಿಲ್ಲದ್ದೂ ಅಲ್ಲ. ನಾನಿರುವ ಎಡೆಯನ್ನು ಬಲ್ಲ ಯಂತ್ರವು ನನ್ನ ಅಪ್ಪಣೆಯಿಲ್ಲದೆ ಮಾತನಾಡಬಲ್ಲುದಾದರೆ, ಅದು ದಿನವೂ ನನ್ನ ಬೆನ್ನು ಹತ್ತುವ ಬೇಹುಗಾರನಾಗದೆಂಬ ಭರವಸೆ ಏನು? 2015ರ ನಿಯಮವು ಈ ಶಂಕೆಯನ್ನು ಮನಗಂಡಿದೆ. ವಾಹನದ ಸಂಚಾರವನ್ನು ಸತತವಾಗಿ ಗುರುತಿಸಕೂಡದು. ಸಾಧನದ ಸ್ಮೃತಿಯಲ್ಲಿ ಹಳೆಯ ಸ್ಥಾನಗಳು ಆಗಿಂದಾಗ್ಗೆ ಅಳಿಯುತ್ತಿರಬೇಕು. ಹಾಗಾದರೂ ಕಡ್ಡಾಯವೇಕೆ ಎಂದರೆ, ಒಲ್ಲೆನೆನ್ನುವ ಚಾಲಕನ ಹಿಂದಿನ ಆಸನದಲ್ಲಿ ಮಗುವೊಂದು ಮಲಗಿರಬಹುದು. ತನ್ನ ಪ್ರಾಣದ ವಿಷಯದಲ್ಲಿ ಅವನಿಗಿರುವ ಸ್ವಾತಂತ್ರ್ಯ ಆ ಮಗುವಿನ ಪ್ರಾಣಕ್ಕೂ ವ್ಯಾಪಿಸದು. ಈ ವಾದ ನನಗೆ ಒಪ್ಪಿತವಾಗಿದೆ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಯಂತ್ರವು ಅಳೆಯುವುದು ವಾಹನಕ್ಕೆ ಬಿದ್ದ ಪೆಟ್ಟನ್ನೇ ಹೊರತು, ವಾಹನದಿಂದ ಪೆಟ್ಟು ತಿಂದವನ ನೋವನ್ನಲ್ಲ. ಸಾವಿರ ಕಿಲೋಗ್ರಾಮಿಗೂ ಮಿಕ್ಕಿ ತೂಗುವ ಕಾರು ಪಾದಚಾರಿಗೆ ತಗುಲಿದರೆ, ಅವನ ಮೂಳೆ ಮುರಿದರೂ ಏರ್‌ಬ್ಯಾಗ್ ಬಿಚ್ಚದಿರುವುದೇ ಹೆಚ್ಚು. ಆಗ ಸ್ವಯಂಚಾಲಿತ ಕರೆ ಹೋಗುವುದಿಲ್ಲ. ಹಾಗೆಂದು ಸಾಧನವು ನಿರುಪಯೋಗಿಯೂ ಅಲ್ಲ; ಕೈಯಿಂದ ಒತ್ತಲು ಒಂದು ಗುಂಡಿಯಿದೆ. ಅದನ್ನು ಒತ್ತಿದರೂ ಅದೇ ವಿವರಗಳು, ಅದೇ ವಾಹನದ ಗುರುತಿನ ಸಂಖ್ಯೆ, ಅದೇ ಸ್ಥಳ 112ರ ಕೇಂದ್ರಕ್ಕೆ ಮುಟ್ಟುತ್ತವೆ. ಅಂದರೆ, ತಪ್ಪು ತನ್ನದೇ ಆಗಿದ್ದರೆ, ಚಾಲಕನು ಪರರ ಪ್ರಾಣಕ್ಕಾಗಿ ತನ್ನ ಮೇಲೆ ತಾನೇ ಸಾಕ್ಷಿ ಹೇಳಿದಂತೆ. ತನ್ನನ್ನು ಉಳಿಸುವ ಯಂತ್ರವನ್ನು ಒಪ್ಪಿಕೊಳ್ಳಲು ವಿಶೇಷ ಧರ್ಮಬುದ್ಧಿ ಬೇಕಿಲ್ಲ, ಸ್ವಹಿತ ಸಾಕು. ರಾತ್ರಿಯ ನಿರ್ಜನ ರಸ್ತೆಯಲ್ಲಿ, ಕಾರು ಇನ್ನೂ ಓಡುವ ಸ್ಥಿತಿಯಲ್ಲಿರುವಾಗ, ನೋಡಿದವರು ಯಾರೂ ಇಲ್ಲದಿರುವಾಗ, ಆ ಗುಂಡಿಯತ್ತ ಕೈ ಚಾಚುವುದು ಬೇರೆಯೇ ಒಪ್ಪಿಗೆ. ನಿಯಮವು ಸಾಧನವನ್ನು ಅಳವಡಿಸಬಲ್ಲದು. ಆ ಕೈಯನ್ನು ಚಾಚಿಸಲಾರದು.

ಈ ಸಾಧನವನ್ನು ಒಪ್ಪುವಿರಾ ಎಂದು ಚಾಲಕರನ್ನು ಕೇಳುವವರು ಗೌಪ್ಯತೆಯನ್ನೂ ವೆಚ್ಚವನ್ನೂ ಕುರಿತು ಕೇಳಲಿ, ತಪ್ಪಿಲ್ಲ. ಇನ್ನೊಬ್ಬರು ಬಿದ್ದಿರುವಾಗ ಗುಂಡಿಯನ್ನು ಒತ್ತುವಿರಾ ಎಂಬುದನ್ನೂ ಕೇಳಬೇಕು. ಪರರ ಅಪಘಾತವನ್ನು ಕಂಡ ದಾರಿಹೋಕ ಚಾಲಕನೂ ಅದನ್ನು ಒತ್ತಬಹುದು. ಬಹಳಷ್ಟು ಕಾರುಗಳಲ್ಲಿ ಅದು ಮುಂಭಾಗದ ಚಾವಣಿಯಲ್ಲಿ, ಒಳಗನ್ನಡಿಯ ಸಮೀಪದಲ್ಲೇ ಇರುತ್ತದೆ.