ಮಸಿ ಬಳಿದ ಕೈಗಳು

ಒಬ್ಬರ ಮುಖಕ್ಕೆ ಮಸಿ ಬಳಿಯಲು ಪುರಾವೆ ಬೇಕಿಲ್ಲ, ಕೇಳುವ ಕಿವಿಗಳಿದ್ದರೆ ಆಯಿತು. 1994ರ ಕೊನೆಯಲ್ಲಿ ಕೇರಳ ಪೊಲೀಸರು ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ಬಂಧಿಸಿದರು. ರಾಕೆಟ್ ವಿದ್ಯೆಯ ಗುಟ್ಟನ್ನು, ಮುಖ್ಯವಾಗಿ ಕ್ರಯೋಜೆನಿಕ್ ಎಂಜಿನ್ನಿನದನ್ನು, ಪಾಕಿಸ್ತಾನಕ್ಕೆ ಮಾರಿದರೆಂಬುದು ಆರೋಪ. ಆ ಎಂಜಿನ್ ಮಾಡುವ ವಿದ್ಯೆ ಆಗಿನ್ನೂ ನಮಗೇ ಕೈಗೂಡಿರಲಿಲ್ಲ. ರಷ್ಯಾದಿಂದ ಅದನ್ನು ಪಡೆಯುವ ಒಪ್ಪಂದವೂ ಅಮೆರಿಕದ ಒತ್ತಡಕ್ಕೆ ಸಿಕ್ಕಿ 1993ರಲ್ಲೇ ಮೊಟಕಾಗಿತ್ತು. ಮನೆಯಲ್ಲಿ ಇಲ್ಲದ ಒಡವೆಯನ್ನು ಕದ್ದರೆಂದು ದೂರು ಕೊಟ್ಟ ಹಾಗೆ. ಇಷ್ಟು ಸರಳವಾದ ಸಂಶಯ ಹೆಚ್ಚಿನವರಿಗೆ ಬರಲಿಲ್ಲ. ಪತ್ರಿಕೆಗಳಲ್ಲಿ ಬಂದ ಕಥೆಯಲ್ಲಿ ಇಬ್ಬರು ಮಾಲ್ಡೀವ್ಸ್ ಮಹಿಳೆಯರೂ ಇದ್ದರು, ಓದುವವರಿಗೆ ಅದರ ರುಚಿಯೇ ಸಾಕಾಯಿತು.

1996ರಲ್ಲಿ ಸಿಬಿಐ ಆರೋಪವೆಲ್ಲ ಸುಳ್ಳೆಂದಿತು. ರಾಜ್ಯ ಸರ್ಕಾರ ಮರುತನಿಖೆಗೆ ಹೊರಟಾಗ 1998ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಬಂಧನವೇ ಅನಗತ್ಯವಾಗಿತ್ತೆಂದು ಹೇಳಿ ಅದೇ ಕೋರ್ಟು 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು 2018ರ ಸೆಪ್ಟೆಂಬರಿನಲ್ಲಿ. ಬಂಧನದಿಂದ ಅಲ್ಲಿಗೆ ಸುಮಾರು 24 ವರ್ಷ ಉರುಳಿದ್ದವು.

ಪೊಲೀಸರ ತಪ್ಪನ್ನು ಕೋರ್ಟು ನೋಡಿಕೊಳ್ಳುತ್ತದೆ. ನನ್ನನ್ನು ಕಾಡುವುದು ಉಳಿದವರ ಪಾಲು. ‘ಸುಮ್ಮಸುಮ್ಮನೆ ಹಿಡೀತಾರಾ?’ ಎಂದವರು, ಬೆಂಕಿಯಿಲ್ಲದೆ ಹೊಗೆಯಾಡದು ಎಂದು ಗಾದೆ ಉದುರಿಸಿದವರು. ಗಾದೆ ಸುಳ್ಳಾಗದು ಅನ್ನುತ್ತಾರೆ. ಈ ಒಂದು ಗಾದೆ ಎಷ್ಟು ಮನೆ ಹಾಳು ಮಾಡಿದೆಯೋ. ಎತ್ತರದಲ್ಲಿದ್ದವನು ಜಾರಿದನೆಂದರೆ ನಮಗೆ ಒಳಗೊಳಗೇ ಒಂದು ಸಮಾಧಾನ. ಅವನು ಕಪ್ಪಾದಷ್ಟೂ ನಾವು ಬೆಳ್ಳಗೆ ಕಾಣುತ್ತೇವೆ. ಆ ಸುಖಕ್ಕಾಗಿಯೇ ಸುದ್ದಿಯನ್ನು ಪಕ್ಕದ ಮನೆಗೆ ದಾಟಿಸುತ್ತೇವೆ. ತೀರ್ಪು ಬಂದ ದಿನ ಅದೇ ಪಕ್ಕದ ಮನೆಗೆ ಹೋಗಿ, ‘ಅವತ್ತು ಹೇಳಿದ್ದೆನಲ್ಲ, ಅದು ಸುಳ್ಳಂತೆ ಕಣ್ರೀ’ ಎಂದವರು ಎಷ್ಟು ಜನ? ದೋಷಮುಕ್ತಿಯಲ್ಲಿ ರುಚಿಯಿಲ್ಲ, ಅದನ್ನು ಹೇಳಿದರೆ ಕಾಫಿಯ ಜೊತೆ ಕೂತು ಕೇಳುವವರೂ ಇಲ್ಲ. ಮೇಲಾಗಿ ಹಾಗೆ ಹೇಳಲು ಹೊರಟರೆ ಮೊದಲು ತನ್ನ ನಾಲಿಗೆಯ ಲೆಕ್ಕ ಒಪ್ಪಿಸಬೇಕು.

ನಂಬಿ ನಾರಾಯಣನ್ ಅವರಿಗೆ 2019ರಲ್ಲಿ ಪದ್ಮಭೂಷಣ ಬಂತು, ಅವರ ಬದುಕು ಸಿನಿಮಾ ಆಯಿತು. ಅದೇ ಪ್ರಕರಣದಲ್ಲಿ ಸಿಕ್ಕಿಬಿದ್ದಿದ್ದ ಬೆಂಗಳೂರಿನ ಹಿರಿಯರೊಬ್ಬರು 2018ರ ಆ ತೀರ್ಪಿನ ಹೊತ್ತಿಗೆ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ಕೆಲವೇ ದಿನಗಳಲ್ಲಿ ತೀರಿಕೊಂಡರು. 1994ರಲ್ಲಿ ಅವರನ್ನು ದೇಶದ್ರೋಹಿ ಎಂದು ಬೈದವರಲ್ಲಿ ಹೆಚ್ಚಿನವರಿಗೆ ಅವರು ನಿರಪರಾಧಿ ಎಂಬುದು ಈಗಲೂ ತಿಳಿದಿರಲಿಕ್ಕಿಲ್ಲ.