ಹಾಸಿಗೆ ಇದ್ದಷ್ಟು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ನಮ್ಮ ಹಿರಿಯರು ಆರೋಗ್ಯವಂತರಿಗಾಗಿ ಹೇಳಿದ್ದಿರಬೇಕು. ಕಾಯಿಲೆಯಿಂದ ಹಾಸಿಗೆ ಹಿಡಿದವನಿಗೆ ಕಾಲು ಚಾಚುವುದನ್ನು ಬಿಟ್ಟರೆ ಬೇರೆ ಕೆಲಸವೇ ಇರುವುದಿಲ್ಲ. ಅವನಿಗೆ ಸಾಲದೆ ಬರುವುದು ಬೇರೊಂದು ಹಾಸಿಗೆ. ತಿಂಗಳ ಮೊದಲ ದಿನ ಹಾಸಿದರೆ ಕಡೆಯ ದಿನದವರೆಗೂ ಮುಟ್ಟಬೇಕಾದದ್ದು. 2018ರ ಜೂನ್ ತಿಂಗಳಿಂದ ಮರುವರ್ಷದ ಮಾರ್ಚ್ ಮುಗಿಯುವವರೆಗೆ ನಾನು ಈ ಎರಡು ಹಾಸಿಗೆಗಳ ಮೇಲೂ ಮಲಗಿ ಎದ್ದವನು. ಬೆನ್ನು ಈಗ ನೆಟ್ಟಗಾಗಿದೆ. ಆದರೆ ಆಗ ತಲೆಯನ್ನು ಹೊಕ್ಕ ಒಂದು ಪ್ರಶ್ನೆ ಇನ್ನೂ ಪೂರ್ತಿಯಾಗಿ ಹೊರಟುಹೋಗಿಲ್ಲ: ದುಡಿಯಲಾರದ ಮನುಷ್ಯ ಇನ್ನೊಬ್ಬರ ಕೈಯಿಂದ ತೆಗೆದುಕೊಂಡರೆ ಅವನ ಮಾನಕ್ಕೆ ಕುಂದು ಬರುತ್ತದೆಯೇ?

ನನ್ನ ಕಸುಬು ಲೆಕ್ಕ ಬರೆಯುವುದು. ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ಇತರರ ಸಂಬಳದ ಪಟ್ಟಿಯನ್ನು ಸಿದ್ಧಪಡಿಸಿ, ಅದರ ಕೊನೆಯಲ್ಲಿ ನನ್ನ ಸಂಬಳವನ್ನೂ ಸೇರಿಸಿಕೊಳ್ಳುವವನು. ಆಗ ಅದು ತಿಂಗಳಿಗೆ 18,000 ರೂಪಾಯಿ. ಕುರ್ಚಿಯಲ್ಲಿ ಕೂತು ಕೂತು ಬಂದ ನೋವೆಂದು ಆರು ತಿಂಗಳು ತಳ್ಳಿದ ಬೆನ್ನುನೋವು ಬೆನ್ನುಮೂಳೆಯ ಕ್ಷಯವೆಂದು ತಿಳಿಯುವ ಹೊತ್ತಿಗೆ ಪರೀಕ್ಷೆಗಳೂ ಸ್ಕ್ಯಾನುಗಳೂ ನಮ್ಮ ಉಳಿತಾಯವನ್ನು ಬಹುಮಟ್ಟಿಗೆ ಬಳಿದು ತಿಂದಿದ್ದವು. ವೈದ್ಯರು ಧೈರ್ಯ ಹೇಳಿದರು: ಇದು ಶ್ವಾಸಕೋಶದ ಕ್ಷಯದಂತೆ ಇನ್ನೊಬ್ಬರಿಗೆ ಅಂಟುವಂಥದಲ್ಲ, ವರ್ಷಕಾಲ ತಪ್ಪದೆ ಮಾತ್ರೆ ನುಂಗಿದರೆ ವಾಸಿಯಾಗುತ್ತದೆ, ಮಾತ್ರೆಯನ್ನು ಸರ್ಕಾರವೇ ಪುಕ್ಕಟೆಯಾಗಿ ಕೊಡುತ್ತದೆ. ಎಲ್ಲವನ್ನೂ ಕೇಳಿದ ಮೇಲೆ ನಾನು ಕೇಳಿದ ಮೊದಲ ಪ್ರಶ್ನೆ ನನಗೇ ನಾಚಿಕೆ ತರುವಂಥದು. ಬದುಕುತ್ತೇನೆಯೇ ಎಂದು ನಾನು ಕೇಳಲಿಲ್ಲ, "ಎಷ್ಟು ದಿನ ರಜ ಹಾಕಬೇಕಾಗುತ್ತದೆ, ಡಾಕ್ಟ್ರೇ?" ಎಂದು ಕೇಳಿದೆ.

ನಮ್ಮ ಬೀದಿಯಲ್ಲಿ ಒಬ್ಬ ವೃದ್ಧ ಆಯುರ್ವೇದ ಪಂಡಿತರಿದ್ದಾರೆ. ನನ್ನನ್ನು ನೋಡಲು ಬಂದವರು ಔಷಧಿಯ ಮಾತೆತ್ತದೆ ಶಾಸ್ತ್ರದ ಮಾತೆತ್ತಿದರು. ಚಿಕಿತ್ಸೆಗೆ ನಾಲ್ಕು ಕಾಲುಗಳಂತೆ: ವೈದ್ಯ, ಔಷಧ, ಉಪಚಾರಕ, ರೋಗಿ. ರೋಗಿಯಾಗುವುದಕ್ಕೂ ನಾಲ್ಕು ಗುಣಗಳು ಬೇಕಂತೆ. ಅಷ್ಟಾಂಗಹೃದಯವನ್ನು ಬರೆದ ವಾಗ್ಭಟನು ಆ ಪಟ್ಟಿಯಲ್ಲಿ ಮೊದಲು ಹೇಳುವುದು ರೋಗಿ 'ಆಢ್ಯ'ನಾಗಿರಬೇಕು ಎಂದು; ಅಂದರೆ ಹಣವಂತನಾಗಿರಬೇಕು. ವೈದ್ಯನ ಮಾತಿಗೆ ಒಳಪಡುವುದು, ತನ್ನ ಬಾಧೆಯನ್ನು ತಿಳಿಯಹೇಳಬಲ್ಲವನಾಗಿರುವುದು, ಮನೋಬಲ, ಇವೆಲ್ಲ ಅನಂತರ. ವಾಗ್ಭಟನು ವ್ಯವಹಾರ ಬಲ್ಲವನು ಎಂದು ನಾನು ನಕ್ಕೆ. ಪಂಡಿತರು ನಗಲಿಲ್ಲ. "ಅವನಿಗಿಂತ ಹಿಂದಿನ ಚರಕ ಹಣದ ಮಾತು ಎತ್ತುವುದಿಲ್ಲ. ನೆನಪು, ವಿಧೇಯತೆ, ನಿರ್ಭಯ, ಹೇಳಿಕೊಳ್ಳುವ ಶಕ್ತಿ, ಇವು ನಾಲ್ಕೇ ಸಾಕು ಎನ್ನುತ್ತಾನೆ. ಹೇಳಿಕೊಳ್ಳುವುದು ಮಾತ್ರ ಇಬ್ಬರ ಪಟ್ಟಿಯಲ್ಲೂ ಇದೆ, ನೋಡಿ" ಎಂದರು. ಆಢ್ಯತೆ ನನ್ನಲ್ಲಿಲ್ಲ, ಅದು ಗೊತ್ತಿತ್ತು. ಹೇಳಿಕೊಳ್ಳುವ ಶಕ್ತಿಯೂ ಇಲ್ಲವೆಂಬುದು ಆ ಮೇಲೆ ಗೊತ್ತಾಯಿತು.

ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಲೆಕ್ಕ ಶುರುವಾಗುತ್ತಿತ್ತು. ಬಾಡಿಗೆ, ಮಗಳ ಕಾಲೇಜು, ಮಗನ ಶಾಲೆ, ಚೀಟಿ, ವಿಮೆಯ ಕಂತು. ಕೂಡುತ್ತ ಹೋದಂತೆ ಮೊದಲಿನ ಮೊತ್ತ ಮರೆತುಹೋಗುತ್ತಿತ್ತು. ಮತ್ತೆ ಬಾಡಿಗೆಯಿಂದ ಆರಂಭ. ಇಪ್ಪತ್ತೆರಡು ವರ್ಷ ಪರರ ಕಿರ್ದಿಯಲ್ಲಿ ಒಂದು ರೂಪಾಯಿ ತಪ್ಪದಂತೆ ತಾಳೆ ಹಾಕಿದವನಿಗೆ ತನ್ನ ಮನೆಯ ಲೆಕ್ಕ ಒಂದು ರಾತ್ರಿಯೂ ಮುಗಿಯಲಿಲ್ಲ. ಚಿತೆಗೂ ಚಿಂತೆಗೂ ಇರುವ ಅಂತರ ಒಂದು ಸೊನ್ನೆ ಮಾತ್ರ ಎನ್ನುತ್ತಾರೆ. ಆ ಸೊನ್ನೆಯನ್ನು ನಾನು ಪ್ರತಿರಾತ್ರಿಯೂ ಖರ್ಚಿನ ಬಲಗಡೆಗೆ ಸೇರಿಸುತ್ತಿದ್ದೆನೆಂದು ತೋರುತ್ತದೆ. ಬೆಳಗ್ಗೆ ಹೆಂಡತಿ "ಏನ್ರೀ, ಕಣ್ಣು ಕೆಂಪಗಿದೆಯಲ್ಲ?" ಎಂದರೆ ಬೆನ್ನುನೋವು ಎನ್ನುತ್ತಿದ್ದೆ. ದುಡ್ಡಿನ ಮಾತೆತ್ತಿದರೆ, "ನಿನಗೇಕೆ ಅದೆಲ್ಲ, ನಾನು ನೋಡಿಕೊಳ್ಳುತ್ತೇನೆ" ಎನ್ನುತ್ತಿದ್ದೆ. ಅವಳ ಮೇಲಿನ ಅಂತಃಕರಣದಿಂದ ಹಾಗೆ ಹೇಳುತ್ತಿದ್ದೇನೆಂದೇ ನಂಬಿದ್ದೆ. ಎದ್ದು ಕೂರಲಾರದವನು ಏನನ್ನು ನೋಡಿಕೊಳ್ಳುತ್ತಾನೆ ಎಂದು ಅವಳು ಕೇಳಲಿಲ್ಲ. ಅದು ನಿಜವಾದ ಅಂತಃಕರಣ.

ಜುಲೈ ತಿಂಗಳಲ್ಲಿ ಆಫೀಸಿನ ಮಿತ್ರರಿಬ್ಬರು ಮನೆಗೆ ಬಂದರು. ಕಾಫಿ ಕುಡಿದು, ಹವೆಯ ಮಾತಾಡಿ, ಹೊರಡುವಾಗ ಅವರಲ್ಲಿ ಹಿರಿಯನು ದಿಂಬಿನ ಪಕ್ಕದಲ್ಲಿ ಒಂದು ಲಕೋಟೆ ಇಟ್ಟ. ಎಲ್ಲರೂ ಸೇರಿ ಕೂಡಿಸಿದ 11,500 ರೂಪಾಯಿ. ನನ್ನ ಕಿವಿ ಬಿಸಿಯಾಯಿತು. ಆ ಲಕೋಟೆಗೆ ಯಾರು ಯಾರು ಎಷ್ಟೆಷ್ಟು ಹಾಕಿರಬಹುದು, ಅವರ ಸಂಬಳವೆಷ್ಟು, ಕಡಿತವೆಷ್ಟು, ಎಲ್ಲ ಬಲ್ಲವನು ನಾನೇ. "ದಯವಿಟ್ಟು ತೆಗೆದುಕೊಂಡು ಹೋಗಿ. ದೇವರು ಅಷ್ಟರಮಟ್ಟಿಗೆ ನಮ್ಮನ್ನು ಇಟ್ಟಿದ್ದಾನೆ" ಎಂದೆ. "ರಾಯರೇ, ಇದರಲ್ಲಿ ತಪ್ಪೇನಿದೆ?" ಎಂದು ಅವನು ಎರಡು ಸಲ ಕೇಳಿದ. ಮೂರನೆಯ ಸಲ ಕೇಳಲಿಲ್ಲ. ಅವರು ಹೋದ ಮೇಲೆ, ಹಾಸಿಗೆಯಲ್ಲಿದ್ದರೂ ಸ್ವಾಭಿಮಾನ ಬಿಡಲಿಲ್ಲವೆಂದು ನನಗೆ ಒಳಗೊಳಗೇ ಹಿಗ್ಗು. ಹೆಂಡತಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಒಂದು ಮಾತೂ ಆಡಲಿಲ್ಲ.

ಮುಂದಿನ ವಾರ ಅವಳು ನನಗೆ ಮಾತ್ರೆ ಕೊಡುವಾಗ ಕೈಯಲ್ಲಿ ಗಾಜಿನ ಬಳೆಗಳಷ್ಟೇ ಸದ್ದು ಮಾಡಿದವು. ಮದುವೆಯಲ್ಲಿ ಅವಳ ತಂದೆ ಹಾಕಿದ ಎರಡು ಚಿನ್ನದ ಬಳೆಗಳು ಇರಲಿಲ್ಲ.

"ಬಳೆ ಎಲ್ಲಿ?"

"ಬ್ಯಾಂಕಿನಲ್ಲಿ ಭದ್ರವಾಗಿವೆ" ಎಂದಳು. "ಬಾಡಿಗೆ ಕೊಡಬೇಕಿತ್ತು. ನೀವು ಲಕೋಟೆ ವಾಪಸು ಕಳಿಸಿದಿರಲ್ಲ."

ದೂರು ಹೇಳುವ ದನಿಯಲ್ಲ ಅದು. ಅಕ್ಕಿ ಮುಗಿದಿದೆ ಎಂದು ಹೇಳುವ ದನಿ. ಆದ್ದರಿಂದಲೇ ನಾನು ತಪ್ಪಿಸಿಕೊಳ್ಳಲಾಗಲಿಲ್ಲ. ನನ್ನ ಸ್ವಾಭಿಮಾನದ ಖರ್ಚನ್ನು ಅವಳ ಖಾತೆಗೆ ಹಾಕಿದ್ದೆ. ಲೆಕ್ಕದ ಭಾಷೆಯಲ್ಲಿ ಅದಕ್ಕೆ ಒಳ್ಳೆಯ ಹೆಸರಿಲ್ಲ.

ಆ ಸಂಜೆ ಅವಳು ಮಗನ ಹಳೆಯ ನೋಟ್‌ಬುಕ್ಕನ್ನೂ ಪೆನ್ನನ್ನೂ ತಂದಳು. ನಾನು ಮಲಗಿ ಹೇಳಿದೆ, ಅವಳು ಬರೆದಳು. ಮಕ್ಕಳನ್ನು ಹೊರಗೆ ಕಳಿಸೋಣವೆಂದೆ. "ಇರಲಿ ಬಿಡ್ರೀ, ಅವರೂ ಈ ಮನೆಯವರೇ" ಎಂದಳು. ಬಾಡಿಗೆ 7,000, ದಿನಸಿ, ಹಾಲು, ತರಕಾರಿ 5,500, ಚೀಟಿ 2,000, ವಿಮೆ 900, ಗ್ಯಾಸು, ಕರೆಂಟು 1,100, ಮಕ್ಕಳ ಬಸ್ಸು, ಪುಸ್ತಕ 1,500. ಒಟ್ಟು 18,000. ಇ.ಎಸ್.ಐ.ಯಿಂದ ಬರಬೇಕಾದದ್ದು ಸುಮಾರು 12,600. ಕೊರತೆ 5,400. ಅದರ ಕೆಳಗೆ ಅವಳು ಎರಡು ಗೆರೆ ಎಳೆದಳು.

ಎರಡು ಗೆರೆ ಎಳೆದರೆ ಏನಾಗುತ್ತದೆಂಬುದು ಲೆಕ್ಕಿಗನಾದ ನನಗೆ ಅಂದು ಮೊದಲ ಬಾರಿ ಅರ್ಥವಾಯಿತು. ಚಿಂತೆಗೆ ಕೊನೆಯ ಗೆರೆಯಿಲ್ಲ, ಲೆಕ್ಕಕ್ಕಿದೆ. ಬಡತನ ಒಂದು ಪೈಸೆಯೂ ಕಡಿಮೆಯಾಗಲಿಲ್ಲ, ಆದರೆ ಅದಕ್ಕೆ ಒಂದು ಅಳತೆ ಬಂತು. ಮನೆಯ ಯಜಮಾನರು ಕೊಟ್ಟಿದ್ದ ಅಡ್ವಾನ್ಸಿನಲ್ಲಿ ತಿಂಗಳಿಗೆ 2,000 ಮುರಿದುಕೊಳ್ಳಲು ಒಪ್ಪಿದರು. ಕೇಳಿದ ಮೇಲೆ ಒಪ್ಪಿದರು, ಕೇಳುವ ಮೊದಲು ಅವರಿಗೆ ನನ್ನ ಕಷ್ಟ ಹೇಗೆ ತಿಳಿಯಬೇಕು? ಹೆಂಡತಿ ರವಿಕೆ ಹೊಲಿದು 2,000 ತಂದಳು. ಮಗಳು ಇಬ್ಬರು ಮಕ್ಕಳಿಗೆ ಪಾಠ ಹೇಳಿ 1,000 ತಂದಳು. ಉಳಿದ 400 ಕೊರತೆಯಾಗಿಯೇ ಉಳಿಯಿತು. ಆದರೆ 400 ರೂಪಾಯಿಗಾಗಿ ಯಾರೂ ರಾತ್ರಿಯೆಲ್ಲ ಎದ್ದಿರುವುದಿಲ್ಲ.

ಇ.ಎಸ್.ಐ.ಯ ಮಾತು ಬಂತು. 1948ರ ಕಾಯಿದೆಯಿಂದ ಹುಟ್ಟಿ, 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದಿಲ್ಲಿಗಳಲ್ಲಿ ಆರಂಭವಾದ ಯೋಜನೆ ಅದು. ಆಗಿನ ದರದಂತೆ ನೌಕರನಿಂದ ನೂರಕ್ಕೆ ಒಂದೂಮುಕ್ಕಾಲು ರೂಪಾಯಿ, ಧಣಿಯಿಂದ ನಾಲ್ಕೂಮುಕ್ಕಾಲು. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನ ಕೂಲಿಯ ನೂರಕ್ಕೆ ಎಪ್ಪತ್ತು. ಕ್ಷಯ, ಕ್ಯಾನ್ಸರಿನಂಥ ದೀರ್ಘ ಕಾಯಿಲೆಗಳಾದರೆ, ಎರಡು ವರ್ಷ ವಿಮೆಯಲ್ಲಿದ್ದವರಿಗೆ, ಆ ಮೇಲೆ ನೂರಕ್ಕೆ ಎಂಬತ್ತು. ನನಗೆ ತಿಂಗಳಿಗೆ 315 ರೂಪಾಯಿ ಕಡಿತವಾಗುತ್ತಿತ್ತು. ಅದನ್ನು ಕಡಿಯುತ್ತಿದ್ದವನೂ ನಾನೇ, ದಂಡವೆಂದು ಗೊಣಗುತ್ತಿದ್ದವನೂ ನಾನೇ. ಆ ಹಣ ಎಲ್ಲಿಗೆ ಹೋಗುತ್ತಿತ್ತು? ನನ್ನಂತೆಯೇ ಎಲ್ಲಿಯೋ ಹಾಸಿಗೆ ಹಿಡಿದವನೊಬ್ಬನ ಬಾಡಿಗೆಗೆ. ಗೊಣಗುತ್ತಲೇ ಆದರೂ ನಾನು ವರ್ಷಗಟ್ಟಲೆ ಕೊಟ್ಟಿದ್ದೆ. ಅವನು ನನ್ನ ಹೆಸರು ಕೇಳದೆ ತೆಗೆದುಕೊಂಡಿದ್ದ. ಅವನ ಮಾನ ಕುಂದಿತೆಂದು ನನಗೆ ಎಂದೂ ಅನ್ನಿಸಿರಲಿಲ್ಲ. ನನ್ನ ಸರದಿ ಬಂದಾಗ ಮಾತ್ರ ನ್ಯಾಯ ಬೇರೆಯಾಗಿತ್ತು.

ಅದೇ ವರ್ಷ, 2018ರ ಏಪ್ರಿಲ್‌ನಿಂದ, ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ತಿಂಗಳಿಗೆ 500 ರೂಪಾಯಿ ಕೊಡತೊಡಗಿತ್ತು. 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಬ್ಯಾಂಕಿನ ಖಾತೆಯ ನಂಬರು ಕೇಳಲು ಬಂದ ಆರೋಗ್ಯ ಕಾರ್ಯಕರ್ತೆಗೆ, ಬಡವರಿಗೆ ಕೊಡಿ ತಾಯಿ ಎಂದುಬಿಟ್ಟಿದ್ದೆ, ಜೂನ್‌ನಲ್ಲಿ. ಆಗಸ್ಟಿನಲ್ಲಿ ಆಕೆ ಮತ್ತೆ ಬಂದಳು.

"ಸಾರ್, ಇದು ಭಿಕ್ಷೆ ಅಲ್ಲ. ಮೊಟ್ಟೆ ತಿನ್ನೋಕೆ ಕೊಡೋದು."

"ನಾವು ಮೊಟ್ಟೆ ತಿನ್ನುವವರಲ್ಲಮ್ಮ."

"ಹಾಗಾದ್ರೆ ಕಡ್ಲೆಬೀಜ ತಿನ್ನಿ. ನಂಬರು ಹೇಳಿ."

ಹೇಳಿದೆ. ಅದು ಇಷ್ಟು ಸುಲಭವೆಂದು ತಿಳಿದಿರಲಿಲ್ಲ.

ನಮ್ಮ ನಾಡಿನಲ್ಲಿ ದುಡಿಮೆಗೆ ಕಾಯಕವೆಂಬ ಘನವಾದ ಹೆಸರಿದೆ. ನನ್ನಂಥ ಮಧ್ಯಮವರ್ಗದವನು ಆ ಒಂದು ಶಬ್ದವನ್ನೇ ಗಟ್ಟಿಯಾಗಿ ಹಿಡಿದು, ದುಡಿಯುವವನಿಗೆ ಮಾತ್ರ ಬೆಲೆ ಎಂದು ತೀರ್ಮಾನಿಸಿಬಿಡುತ್ತಾನೆ. ಆದರೆ ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಒಂಟಿಯಾಗಿ ಬಿಡಲಿಲ್ಲ. ಅದರ ಜೊತೆಗೆ ದಾಸೋಹವನ್ನು ಇಟ್ಟರು. ದುಡಿದದ್ದನ್ನು ಹಂಚಿಕೊಳ್ಳುವುದು ದಾಸೋಹ. ಹಂಚುವುದಕ್ಕೆ ತೆಗೆದುಕೊಳ್ಳುವವರೂ ಬೇಕಷ್ಟೆ? ಪಂಕ್ತಿಯಲ್ಲಿ ಎಲ್ಲರೂ ಬಡಿಸುವುದಕ್ಕೇ ನಿಂತರೆ ಊಟವಾಗುವುದಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಮನುಷ್ಯ ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತೇ ಹುಟ್ಟುತ್ತಾನೆಂದು ಹೇಳಿದ್ದಾರೆ. ಸಾಲವಿಲ್ಲದ ಬದುಕೆಂಬುದು ಹುಟ್ಟಿದ ದಿನವೂ ಇರಲಿಲ್ಲ. ಹೀಗಿರುವಾಗ ಯಾರಿಗೂ ಹಂಗಿಗನಲ್ಲವೆಂದು ಎದೆ ತಟ್ಟುವುದು ಸ್ವಾಭಿಮಾನವೇ, ಅಹಂಕಾರವೇ? ನನಗೆ ತೋರುವ ಗುರುತು ಇದು: ಸ್ವಾಭಿಮಾನದ ಬೆಲೆಯನ್ನು ತಾನೇ ತೆರುತ್ತೇವೆ, ಅಹಂಕಾರದ ಬೆಲೆಯನ್ನು ಮನೆಯವರು ತೆರುತ್ತಾರೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ನನಗೆ ವಿಮೆಯಿತ್ತು, ಒತ್ತೆಯಿಡಲು ಬಳೆಯಿತ್ತು, ಲೆಕ್ಕ ಬರೆಯಲು ಹೆಂಡತಿಯಿದ್ದಳು. ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂರುತ್ತಿದ್ದವನು ಗಾರೆ ಕೆಲಸದವನು. ಕೆಲಸಕ್ಕೆ ಹೋದ ದಿನ ಕೂಲಿ, ಹೋಗದ ದಿನ ಇಲ್ಲ. ಎರಡು ತಿಂಗಳಾದ ಮೇಲೆ, "ಕೆಮ್ಮು ನಿಂತೋಯ್ತು ಸಾಮಿ, ಇನ್ನು ಕೆಲಸಕ್ಕೆ ಹೋಗ್ತೀನಿ" ಎಂದ. ಮಾತ್ರೆ ಬಿಡಬೇಡಪ್ಪ, ಅರ್ಧಕ್ಕೆ ಬಿಟ್ಟರೆ ರೋಗ ಔಷಧಿಗೆ ಬಗ್ಗದಂತಾಗುತ್ತದೆ ಎಂದೆ. "ಮಾತ್ರೆ ನುಂಗಿದ್ರೆ ಹೊಟ್ಟೇಲಿ ಬೆಂಕಿ. ಹೊಟ್ಟೇಗೆ ಏನಾದ್ರೂ ಬೀಳಬೇಕಲ್ಲ, ಸಾಮಿ?" ಎಂದು ನಕ್ಕ. ಮುಂದಿನ ತಿಂಗಳು ಬೆಂಚು ಖಾಲಿಯಿತ್ತು. ಅವನಿಗೆ ನೋಟ್‌ಬುಕ್ಕು ಕೊಟ್ಟು ಏನು ಫಲ? ಜಮೆಯ ಕಡೆ ಬರೆಯಲು ಅವನಿಗೆ ಏನೂ ಇರಲಿಲ್ಲ. ಚಿಂತಿಸಬೇಡ ಎಂದು ಅಂಥವನಿಗೆ ಹೇಳುವುದು ಕ್ರೌರ್ಯ. ವಾಗ್ಭಟನು ಲೋಕ ಇದ್ದಂತೆ ಕಂಡು ಬರೆದ, ರೋಗಿಗೆ ಹಣವಿರಬೇಕೆಂದು. ಚರಕನ ಪಟ್ಟಿ ನಿಜವಾಗಬೇಕಾದರೆ ರೋಗಿಯ ಆಢ್ಯತೆಯನ್ನು ಉಳಿದವರೆಲ್ಲ ಸೇರಿ ಹೊರಬೇಕು. ನನಗೆ ದಂಡವೆಂದು ಕಂಡ ಆ 315 ರೂಪಾಯಿಯ ಅರ್ಥ ಅಷ್ಟೇ. ಅದು ಆ ಗಾರೆಯವನ ತನಕ ಮುಟ್ಟಿರಲಿಲ್ಲ ಎಂಬುದೂ ಅಷ್ಟೇ ನಿಜ.

2019ರ ಏಪ್ರಿಲ್‌ನಲ್ಲಿ ಕೆಲಸಕ್ಕೆ ಮರಳಿದೆ. ಮೊದಲ ದಿನ ಆ ಹಿರಿಯ ಮಿತ್ರನ ಮೇಜಿನ ಹತ್ತಿರ ಹೋಗಿ, ಅಂದು ನಿಮ್ಮ ಲಕೋಟೆಯನ್ನು ಹಿಂದಕ್ಕೆ ಕಳಿಸಿದ್ದು ತಪ್ಪಾಯಿತು ಎಂದೆ. "ತಪ್ಪೇನಿಲ್ಲ ರಾಯರೇ. ಹಿಂದಕ್ಕೆ ಹಂಚುವಾಗ ಯಾರು ಎಷ್ಟು ಕೊಟ್ಟಿದ್ದರೆಂದು ನೆನಪಿಟ್ಟುಕೊಳ್ಳುವುದೇ ಕಷ್ಟವಾಯಿತು" ಎಂದ. ಎರಡು ವರ್ಷದ ಮೇಲೆ ನಮ್ಮ ಜವಾನನ ಹೃದಯಕ್ಕೆ ಚಿಕಿತ್ಸೆಯಾದಾಗ ಲಕೋಟೆ ಒಯ್ಯುವ ಕೆಲಸವನ್ನು ನಾನೇ ಕೇಳಿ ಪಡೆದೆ. ಅವನೂ ಕೈ ಹಿಂದಕ್ಕೆಳೆದ. ಉಪದೇಶ ಮಾಡಲು ಹೋಗಲಿಲ್ಲ. ಲಕೋಟೆಯನ್ನು ಅವನ ಹೆಂಡತಿಯ ಕೈಗೆ ಕೊಟ್ಟು ಬಂದೆ.

ಬಳೆಗಳನ್ನು 2020ರ ಜನವರಿಯಲ್ಲಿ ಬಿಡಿಸಿದೆವು. ನೋಟ್‌ಬುಕ್ಕು ಈಗಲೂ ನಡೆಯುತ್ತಿದೆ. ತಿಂಗಳ ಕೊನೆಗೆ ನಾಲ್ವರೂ ಕೂತು ಬರೆಯುತ್ತೇವೆ. ಎರಡು ಗೆರೆ ಎಳೆಯುವ ಹಕ್ಕು ಮಾತ್ರ ಅವಳದೇ.