ಸದ್ದಡಗಿಸುವ ಎಣ್ಣೆ

ಶಿವಮೊಗ್ಗದಿಂದ ಸಾಗರಕ್ಕೆ ಹೊರಟ ನನ್ನ ಕಾರು ಆಯನೂರಿನ ಹತ್ತಿರ ಒಳಗೊಳಗೇ ಕುಟ್ಟತೊಡಗಿತು. ಹಳೆಯ ಕಾರು, ಕೊಂಡು ಮೂರೇ ವಾರವಾಗಿತ್ತು. ಅಲ್ಲಿಯ ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರನ್ನು ಇಂಜಿನಿಗೆ ಆನಿಸಿ, ಹಿಡಿಯನ್ನು ಕಿವಿಗೊತ್ತಿ, ವೈದ್ಯನಂತೆ ಆಲಿಸಿದ. ಮೇಲಿನ ಟಿಕ್‌ಟಿಕ್ ಆಗಿದ್ದರೆ ವಾಲ್ವಿನದು. ಇದು ಕೆಳಗಿನ ಭಾರವಾದ ಬಡಿತ. ಒಂದೊಂದಾಗಿ ಪ್ಲಗ್ಗಿನ ತಂತಿ ಕಿತ್ತು ನೋಡಿದ. ಮೂರನೆಯದನ್ನು ಕಿತ್ತಾಗ ಸದ್ದು ತಗ್ಗಿತು.

“ಅಲ್ಲಿನ ಬೇರಿಂಗ್ ಸವೆದಿದೆ, ಸ್ವಾಮಿ. ವರ್ಷಗಟ್ಟಲೆ ಆಯಿಲ್ ನೋಡಿದವರಿಲ್ಲ. ಮಾರುವ ಮುಂಚೆ ಮಾತ್ರ ಗಟ್ಟಿ ಆಯಿಲ್ ಸುರಿದಿರಬೇಕು.”

ಮಂದವಾದ ಎಣ್ಣೆ ಸವೆದ ಸಂದಿಯನ್ನು ತುಂಬಿ ಸದ್ದನ್ನು ಕೆಲಕಾಲ ಅಡಗಿಸುತ್ತದೆ, ಸವೆತವನ್ನಲ್ಲ. ರೋಗ ಉಳಿದು ನರಳಿಕೆ ಮಾತ್ರ ನಿಂತಂತೆ.

ರಿಪೇರಿಗೆ ಕಾರಿನ ಅರ್ಧ ಬೆಲೆ ಬೇಕು. ನಾನೂ ಅದೇ ಎಣ್ಣೆ ಹಾಕಿಸಿ ಮಾರಿಬಿಟ್ಟರೆ? ಮೋಸಹೋದವನಿಗೆ ಅಷ್ಟು ಹಕ್ಕೂ ಇಲ್ಲವೆ? ಆದರೆ ನನಗೆ ಮೋಸ ಮಾಡಿದವನು ಒಬ್ಬ, ನನ್ನಿಂದ ಮೋಸಹೋಗುವವನು ಇನ್ನೊಬ್ಬ. ಅವನ ಸಾಲವನ್ನು ಇವನಿಂದ ವಸೂಲು ಮಾಡುವುದು ಯಾವ ನ್ಯಾಯ? ಇದೇ ದಾರಿ ಮುಂದೆ ಹೊನ್ನಾವರದ ಘಾಟಿಗೆ ಇಳಿಯುತ್ತದೆ. ಅಲ್ಲಿ ಇಂಜಿನು ನಿಂತಾಗ ಒಳಗೆ ಯಾರ ಮಕ್ಕಳಿರುವರೋ!

“ಬಿಚ್ಚಲೇ, ಆಯಿಲ್ ಹಾಕಲೇ?” ಎಂದ ಆತ.

“ಬಿಚ್ಚಪ್ಪ” ಎಂದೆ. ಧರ್ಮಬುದ್ಧಿಯಿಂದ ಎಂದು ಹೇಳಿಕೊಳ್ಳಲಾರೆ. ಆ ಸದ್ದನ್ನು ಕೇಳಿಯಾಗಿತ್ತು. ಇನ್ನು ಗೊತ್ತಿರಲಿಲ್ಲವೆಂದು ಯಾರಿಗೆ ಹೇಳಲಿ?